ಆಯುಧಪೂಜೆ ದಿನ ಸ್ಕೂಟರ್ ಕವರ್ ಕೆಳಗೆ ಬೆಕ್ಕಿನ ಮರಿ. ಮೈಮೇಲೆ ಕಜ್ಜಿ, ಊರಲ್ಲಿ ಡಾಕ್ಟರ್ ಇಲ್ಲ. ಏನು ಮಾಡಲಿ?

ನಂಜುಮಳಿಗೆ ನಿವಾಸಿ · ಶುಕ್ರವಾರ, ಬೆಳಿಗ್ಗೆ 11.20

ಎಲ್ಲರಿಗೂ ಹಬ್ಬದ ಶುಭಾಶಯ. ಪೂಜೆಗೆ ಸ್ಕೂಟರ್ ತೊಳೆಯೋಣ ಅಂತ ಕವರ್ ತೆಗೆದರೆ ಕಾಲಿಡುವ ಜಾಗದಲ್ಲಿ ಒಂದು ಬೆಕ್ಕಿನ ಮರಿ ಮುದುಡಿಕೊಂಡು ಕೂತಿತ್ತು. ಬೂದು ಬಣ್ಣ, ಮೈಮೇಲೆ ಪಟ್ಟೆ. ತಾಯಿ ಬೆಕ್ಕು ಎರಡು ದಿನದಿಂದ ಕಾಣಿಸಿಲ್ಲ ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ.

ನೆತ್ತಿ ಮೇಲೆ, ಎಡಗಿವಿಯ ಹಿಂದೆ, ಒಂದು ಮುಂಗಾಲಿನ ಮೇಲೆ ಕೂದಲು ಉದುರಿ ದುಂಡಗೆ ಬೋಳಾಗಿದೆ. ಆ ಜಾಗದಲ್ಲಿ ವಿಭೂತಿ ಉದುರಿಸಿದ ಹಾಗೆ ಹೊಟ್ಟು. ಬಾಲದ ಬುಡದಲ್ಲಿ ಕೆರೆದು ಕೆರೆದು ಹಸಿ ಗಾಯವಾಗಿದೆ.

ಎರಡು ಕ್ಲಿನಿಕ್‌ಗೆ ಫೋನ್ ಮಾಡಿದೆ. ಒಂದರಲ್ಲಿ ಎತ್ತಲಿಲ್ಲ. ಇನ್ನೊಂದರಲ್ಲಿ ಸೋಮವಾರ ಬನ್ನಿ ಅಂದರು. ನಾಳೆ ಜಂಬೂಸವಾರಿ, ಅರ್ಧ ಊರಿನ ರಸ್ತೆ ಬಂದ್. ನಾಡಿದ್ದು ಭಾನುವಾರ. ಅಲ್ಲಿವರೆಗೆ ನಾನೇ ಏನಾದರೂ ಮಾಡಬೇಕು. ಹಿತ್ತಲಿನ ಬಚ್ಚಲಲ್ಲಿ ಇಟ್ಟುಕೊಳ್ಳಲು ಅಮ್ಮ ಒಪ್ಪಿದ್ದಾರೆ. ಅಡುಗೆಮನೆ ಹೊಸಿಲು ದಾಟಬಾರದು ಅಂತ ಷರತ್ತು. ಮೊಸರನ್ನ ಇಟ್ಟೆ, ಮೂಸಿ ಮುಖ ತಿರುಗಿಸಿತು. ಮನೆಯಲ್ಲಿ ಬೇವಿನೆಣ್ಣೆ, ಅರಿಶಿನ, ಡೆಟಾಲ್ ಇದೆ. ಯಾವುದು ಹಚ್ಚಲಿ?

ಒಂಟಿಕೊಪ್ಪಲಜ್ಜಿ · ಶುಕ್ರವಾರ, 11.45

ಹಬ್ಬದ ದಿನ ಬಾಗಿಲಿಗೆ ಬಂದ ಜೀವ ಕಂದಾ, ಓಡಿಸಬೇಡ. ನಮ್ಮ ಕಾಲದಲ್ಲಿ ಹೊಂಗೆ ಎಣ್ಣೆ ಬೆಚ್ಚಗೆ ಮಾಡಿ, ಅದಕ್ಕೆ ಗಂಧಕದ ಪುಡಿ, ಎರಡು ಬಿಲ್ಲೆ ಕರ್ಪೂರ ಹಾಕಿ ದನಕ್ಕೆ, ನಾಯಿಗೆ ಹಚ್ಚುತ್ತಿದ್ದೆವು. ಮೂರು ದಿನಕ್ಕೆ ಕಜ್ಜಿ ಉದುರುತ್ತಿತ್ತು. ಹಚ್ಚಿ ಬಿಸಿಲಿಗೆ ಬಿಡು.

ಮೂರು ಬೆಕ್ಕಿನ ಮನೆ · ಶುಕ್ರವಾರ, 11.58

ಅಜ್ಜಿ, ಬೇಜಾರು ಮಾಡಿಕೊಳ್ಳಬೇಡಿ. ದನಕ್ಕೆ ಆಗಿದ್ದು ಬೆಕ್ಕಿಗೆ ಆಗುವುದಿಲ್ಲ. ಬೆಕ್ಕು ದಿನವಿಡೀ ಮೈ ನೆಕ್ಕುತ್ತದೆ. ಮೇಲೆ ಹಚ್ಚಿದ್ದೆಲ್ಲ ಸಂಜೆಯೊಳಗೆ ಹೊಟ್ಟೆಯಲ್ಲಿರುತ್ತದೆ. ನಾವು ಹಚ್ಚಿದೆವು ಅಂದುಕೊಳ್ಳುತ್ತೇವೆ, ನಿಜಕ್ಕೂ ಕುಡಿಸಿರುತ್ತೇವೆ. ಅದರ ಮೇಲೆ ಬೆಕ್ಕಿನ ಲಿವರ್‌ಗೆ ಕೆಲವು ವಸ್ತುಗಳನ್ನು ಒಡೆದು ಹೊರಗೆ ಹಾಕುವ ಶಕ್ತಿಯೇ ಕಡಿಮೆ. ಕರ್ಪೂರ ವಿಷ. ಫಿನಾಯಿಲ್ ವಿಷ. ಡೆಟಾಲ್ ಕೂಡ ಬೇಡ, ನೀರಿಗೆ ಹಾಕಿದಾಗ ಹಾಲಿನ ಹಾಗೆ ಬೆಳ್ಳಗಾಗುವ ಆ ಜಾತಿಯ ಯಾವುದೂ ಬೇಡ. ಟೀ ಟ್ರೀ ಎಣ್ಣೆ ಅಂತ ಆನ್‌ಲೈನ್‌ನಲ್ಲಿ ಬರೆದಿರುತ್ತಾರೆ, ಅದೂ ಬೇಡ. ಸೀಮೆಎಣ್ಣೆ, ಗ್ಯಾರೇಜಿನ ಹಳೇ ಆಯಿಲ್ ಬಗ್ಗೆ ಹೇಳಲೇಬೇಕಿಲ್ಲ.

ನಂಜುಮಳಿಗೆಯವರೇ, ಇವತ್ತು ಏನೂ ಹಚ್ಚಬೇಡಿ. ಮೊದಲು ಇಷ್ಟು ಹೇಳಿ. ಮರಿ ಮೈ ಬೆಚ್ಚಗಿದೆಯಾ? ತುಟಿ ಎತ್ತಿ ನೋಡಿದರೆ ಒಸಡು ಯಾವ ಬಣ್ಣ? ಹಲ್ಲು ಬಂದಿದೆಯಾ? ಕಣ್ಣು ನೀಲಿಯಾ? ತೂಕ ಎಷ್ಟು?

ನಂಜುಮಳಿಗೆ ನಿವಾಸಿ · ಶುಕ್ರವಾರ, ಮಧ್ಯಾಹ್ನ 12.40

ಬೆಚ್ಚಗಿದೆ. ಹಲ್ಲು ಸೂಜಿ ಹಾಗಿವೆ, ಹಿಂದಿನವೂ ಬಂದಿವೆ. ಕಣ್ಣು ಇನ್ನೂ ನೀಲಿಯೇ, ಅಂಚಿನಲ್ಲಿ ಸ್ವಲ್ಪ ಹಸಿರು. ಒಸಡು ಗುಲಾಬಿ, ಆದರೆ ಪೇಲವ. ತೂಕಕ್ಕೆ ಮೂಲೆ ಅಂಗಡಿಗೆ ಒಯ್ದೆ. ಸ್ವೀಟ್ ಡಬ್ಬದಲ್ಲಿ ಕೂರಿಸಿ, ಡಬ್ಬದ ತೂಕ ಕಳೆದು 480 ಗ್ರಾಂ ಅಂದರು. ಹಬ್ಬದ ಕಡ್ಲೆಪುರಿ ವ್ಯಾಪಾರದ ನಡುವೆ ಅವರ ತಾಳ್ಮೆಗೆ ಮೆಚ್ಚಬೇಕು.

ಹಳೇ ಕಾಂಪೌಂಡರ್ · ಶುಕ್ರವಾರ, 1.15

ನಾನು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತನಾದವನು. ಡಾಕ್ಟರ್ ಅಲ್ಲ. ಮಾತ್ರೆ, ಇಂಜೆಕ್ಷನ್ ಲೆಕ್ಕ ಇಲ್ಲಿ ಬರೆಯುವುದಿಲ್ಲ, ಯಾರೂ ಕೇಳಬೇಡಿ.

ಹಾಲುಹಲ್ಲು ಪೂರ್ತಿ ಬಂದಿದೆ, ಕಣ್ಣಿನ ಬಣ್ಣ ಈಗ ತಿರುಗುತ್ತಿದೆ ಅಂದರೆ ಆರು, ಏಳು ವಾರದ ಮರಿ. ಬೆಕ್ಕಿನ ಮರಿ ಹುಟ್ಟಿದಾಗ ಸುಮಾರು 100 ಗ್ರಾಂ ಇರುತ್ತದೆ. ಆಮೇಲೆ ವಾರಕ್ಕೆ ಹೆಚ್ಚುಕಡಿಮೆ 100 ಗ್ರಾಂ ಏರಬೇಕು. ನಿಮ್ಮದು 600 ದಾಟಿರಬೇಕಿತ್ತು. ಸೊರಗಿದೆ ಅಂತ ಅರ್ಥ. ಸೊರಗಿದ ಮೈಗೆ ಚರ್ಮದ ಕಾಯಿಲೆ ಬೇಗ ಹತ್ತುತ್ತದೆ, ನಿಧಾನಕ್ಕೆ ಬಿಡುತ್ತದೆ. ಆದ್ದರಿಂದ ಇವತ್ತಿನ ಔಷಧ ಊಟ.

ಮೊಸರನ್ನದಲ್ಲಿ ಬೆಕ್ಕು ಬದುಕಲ್ಲಮ್ಮ. ಅದಕ್ಕೆ ಮಾಂಸದಲ್ಲಿ ಸಿಗುವ ಸತ್ವವೇ ಬೇಕು. ಹಸುವಿನ ಹಾಲು ಕೊಟ್ಟರೆ ಭೇದಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಬೇಯಿಸಿದ ಕೋಳಿ, ನುಣ್ಣಗೆ ಮಾಡಿ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ. ನಾಲ್ಕು ದಿನಕ್ಕೆ ಅದು ನಡೆಯುತ್ತದೆ. ನಿಮ್ಮ ಮನೆಯಲ್ಲಿ ಬೇಯಿಸಲು ಆಗದಿದ್ದರೆ ಮರಿಗಳಿಗೆಂದೇ ಬರುವ ಮೆತ್ತನೆ ಆಹಾರದ ಪೌಚ್ ತನ್ನಿ. ಅದು ಇನ್ನೂ ಒಳ್ಳೆಯದು. ಪೌಚನ್ನು ಬಿಸಿನೀರಲ್ಲಿ ಐದು ನಿಮಿಷ ಇಟ್ಟು ಕೊಟ್ಟರೆ ವಾಸನೆ ಏಳುತ್ತದೆ, ತಿನ್ನುತ್ತದೆ.

ಸುಮ್ನೆ ಓದುವವ · ಶುಕ್ರವಾರ, 1.30

ಬೀದಿ ಬೆಕ್ಕಿಗೆ ಇಷ್ಟೆಲ್ಲ ಯಾಕೆ? ನಾಲ್ಕು ಮರಿಯಲ್ಲಿ ಎರಡು ಉಳಿಯುವುದು ಪ್ರಕೃತಿ ನಿಯಮ. ಕಜ್ಜಿ ನಿಮಗೆ ಹತ್ತಿದಾಗ ಗೊತ್ತಾಗುತ್ತದೆ.

ಹಳೇ ಕಾಂಪೌಂಡರ್ · ಶುಕ್ರವಾರ, 1.52

ಕೊನೇ ಮಾತು ಸರಿ ಇದೆ, ಅದಕ್ಕೇ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೆಕ್ಕಿಗೆ ಬರುವ ಎಲ್ಲಕ್ಕೂ ನಾವು ಕಜ್ಜಿ ಅನ್ನುತ್ತೇವೆ. ಅದರೊಳಗೆ ಬೇರೆ ಬೇರೆ ಕಾಯಿಲೆ ಇವೆ, ಒಂದರ ಔಷಧ ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ.

ದುಂಡಗೆ ಬೋಳು, ಒಣ ಹೊಟ್ಟು, ತುರಿಕೆ ಅಷ್ಟೇನೂ ಇಲ್ಲ ಅಂದರೆ ಹುಳುಕಡ್ಡಿ ಇರಬಹುದು. ಹೆಸರಲ್ಲಿ ಹುಳು ಇದೆಯೇ ಹೊರತು ಹುಳು ಅಲ್ಲ, ಅದು ಶಿಲೀಂಧ್ರ, ಅಂದರೆ ಫಂಗಸ್. ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಮೈಕ್ರೋಸ್ಪೋರಂ ಕೇನಿಸ್ ಅಂತ ಹೆಸರು. ಮನುಷ್ಯರಿಗೆ ಹತ್ತುತ್ತದೆ, ಮಕ್ಕಳಿಗೆ, ವಯಸ್ಸಾದವರಿಗೆ ಬೇಗ.

ಹುರುಕು ಬೇರೆ. ಅದು ಕಣ್ಣಿಗೆ ಕಾಣದ ನುಸಿಯಿಂದ ಬರುತ್ತದೆ. ಕಿವಿಯ ಅಂಚಿನಲ್ಲಿ ಶುರುವಾಗಿ ಮುಖ, ರೆಪ್ಪೆ, ಕತ್ತಿಗೆ ಇಳಿಯುತ್ತದೆ. ಒಣಗಿದ ಗೋಂದಿನ ಹಾಗೆ ದಪ್ಪ ಹಕ್ಕಳೆ ಕಟ್ಟುತ್ತದೆ. ಮರಿ ನಿದ್ದೆಯಲ್ಲೂ ಕೆರೆಯುತ್ತದೆ. ಹೆಚ್ಚಾಗಿ ಕಿವಿಯ ಒಳಗೇ ಇರುವ ಇನ್ನೊಂದು ನುಸಿ ಇದೆ. ಅದಿದ್ದರೆ ಕಿವಿಯೊಳಗೆ ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದ ಹಾಗೆ ಕಪ್ಪು ಕಸ.

ಮೂರನೆಯದು ಚಿಗಟ. ಬಾಲದ ಬುಡ, ಸೊಂಟ, ಕತ್ತಿನ ಹತ್ತಿರ ಕೆರೆತ. ನೀವು ಹೇಳಿದ ಹಸಿ ಗಾಯ ಅದೇ ಅನಿಸುತ್ತದೆ. ಕೂದಲು ಬಿಡಿಸಿ ನೋಡಿ, ಕರಿ ರವೆಯಂಥ ಕಾಳು ಕಂಡರೆ ಒದ್ದೆ ಬಿಳಿ ಬಟ್ಟೆಯ ಮೇಲೆ ಉದುರಿಸಿ. ಸುತ್ತ ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಮರಿಯದೇ ಜೀರ್ಣವಾದ ರಕ್ತ. ಇಷ್ಟು ಸಣ್ಣ ಮರಿಯ ರಕ್ತವನ್ನು ಚಿಗಟಗಳೇ ಹೀರಿ ಕೊಲ್ಲುತ್ತವೆ. ಒಸಡು ಪೇಲವ ಅಂದಿರಲ್ಲ, ನನಗೆ ಬೋಳಿಗಿಂತ ಅದೇ ಜಾಸ್ತಿ ಚಿಂತೆ.

ನಂಜುಮಳಿಗೆ ನಿವಾಸಿ · ಶುಕ್ರವಾರ, 2.30

ಕರಿ ಕಾಳು ಇವೆ. ಅಮ್ಮನ ಬಿಳಿ ಕರ್ಚೀಫ್ ಮೇಲೆ ಉದುರಿಸಿದೆ. ಕುಂಕುಮದ ನೀರಿನ ಹಾಗೆ ಹರಡಿತು. ಆ ಕರ್ಚೀಫ್ ಇನ್ನು ನನಗೇ ಅಂತೆ.

ಕಿವಿ ಅಂಚು ಚೆನ್ನಾಗಿದೆ, ಹಕ್ಕಳೆ ಇಲ್ಲ. ಕಿವಿಯೊಳಗೂ ಚರಟ ಇಲ್ಲ. ಹಾಗಾದರೆ ಚಿಗಟ ಮತ್ತು ಹುಳುಕಡ್ಡಿ, ಎರಡೂ? ನಮ್ಮಣ್ಣನ ಮನೆಯಲ್ಲಿ ನಾಯಿಗೆ ಹಾಕುವ ಚಿಗಟದ ಔಷಧ ಇದೆ. ಕತ್ತಿನ ಮೇಲೆ ಹನಿ ಬಿಡುವುದು. ಅದರಲ್ಲಿ ಕಾಲು ಭಾಗ ಹಾಕಲಾ?

ಆಲೆಮನೆ ಅಣ್ಣ, ಮಂಡ್ಯ · ಶುಕ್ರವಾರ, 2.36

ಬೇಡ ತಂಗಿ. ಬೇಡವೇ ಬೇಡ. ಅದನ್ನು ಮುಟ್ಟಬೇಡ.

ಎರಡು ವರ್ಷದ ಹಿಂದೆ ನಾನು ಮಾಡಿದ ತಪ್ಪು ಅದೇ. ನಮ್ಮ ಆಲೆಮನೆಯಲ್ಲಿ ಇಲಿ ಕಾಟಕ್ಕೆ ಒಂದು ಬೆಕ್ಕು ಸಾಕಿದ್ದೆವು. ಚಿಗಟ ಆಯಿತು. ಅಂಗಡಿಯವನು ನಾಯಿಯದನ್ನೇ ಕೊಟ್ಟು, ಬೆಕ್ಕಿಗೆ ಅರ್ಧ ಹಾಕಿ ಅಂದ. ಬೆಳಿಗ್ಗೆ ಹಾಕಿದೆ. ಸಂಜೆ ನೋಡಿದರೆ ಬೆಕ್ಕು ಸಿಪ್ಪೆ ರಾಶಿಯ ಮೇಲೆ ಬಿದ್ದು ನಡುಗುತ್ತಿದೆ. ಕಿವಿ ಅದುರುತ್ತಿದೆ, ಕಾಲು ಸೆಟೆಯುತ್ತಿದೆ, ಬಾಯಲ್ಲಿ ಜೊಲ್ಲು. ಕೊಪ್ಪರಿಗೆ ಇಳಿಸುವ ಹೊತ್ತು, ಎಲ್ಲ ಬಿಟ್ಟು ಓಡಿದೆ. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಕತ್ತು ತೊಳೆದು, ಗೋಣಿಚೀಲದಲ್ಲಿ ಸುತ್ತಿ ಮಂಡ್ಯಕ್ಕೆ ಒಯ್ದೆ. ಎರಡು ದಿನ ಡ್ರಿಪ್ ಹಾಕಿ, ಸೆಳೆತ ನಿಲ್ಲಿಸುವ ಇಂಜೆಕ್ಷನ್ ಕೊಟ್ಟರು. ಬದುಕಿತು. ಡಾಕ್ಟರ್ ಡಬ್ಬ ತೋರಿಸಿ ಅಂದರು. ಅದರ ಮೇಲೆ ಪರ್ಮೆಥ್ರಿನ್ ಅಂತ ಇತ್ತು. ಪಕ್ಕದಲ್ಲೇ ಬೆಕ್ಕಿನ ಚಿತ್ರಕ್ಕೆ ಅಡ್ಡ ಗೀಟು ಹಾಕಿತ್ತು. ನಾನು ನೋಡಿರಲಿಲ್ಲ.

ಹಳೇ ಕಾಂಪೌಂಡರ್ · ಶುಕ್ರವಾರ, 2.55

ಆಲೆಮನೆಯವರ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ಮನುಷ್ಯರ ಕಜ್ಜಿಗೆ ಮೆಡಿಕಲ್ಸ್‌ನಲ್ಲಿ ಸಿಗುವ ಕ್ರೀಮ್, ಲೋಷನ್‌ನಲ್ಲೂ ಇದೇ ಪರ್ಮೆಥ್ರಿನ್ ಇರುತ್ತದೆ. ಬೆಂಜೈಲ್ ಬೆಂಜೋಯೇಟ್ ಲೋಷನ್ ಸಹ ಬೆಕ್ಕಿಗೆ ಆಗದು. ದನದ ಉಣ್ಣೆಗೆ ನೀರಿಗೆ ಬೆರೆಸಿ ಹೊಡೆಯುವ ಔಷಧ ಹಳ್ಳಿ ಕಡೆ ಎಲ್ಲರ ಮನೆಯಲ್ಲೂ ಇರುತ್ತದೆ, ಡೆಲ್ಟಾಮೆಥ್ರಿನ್ ಅಥವಾ ಅಮಿಟ್ರಾಜ್. ಎರಡೂ ಬೇಡ. ಅಮಿಟ್ರಾಜ್ ನಾಯಿ ಹುರುಕಿಗೆ ಕೊಡುತ್ತಾರೆ, ಹಾಗಾಗಿ ಬೆಕ್ಕಿಗೂ ನಡೆಯುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ನೋವಿಗೆ ಅಂತ ಪ್ಯಾರಾಸಿಟಮಾಲ್ ಕೊಡುವವರೂ ಇದ್ದಾರೆ. ಅರ್ಧ ಮಾತ್ರೆಗೆ ದೊಡ್ಡ ಬೆಕ್ಕೇ ಸಾಯಬಹುದು.

ಬೆಕ್ಕಿಗೆಂದೇ ಬರುವ ಹನಿ ಔಷಧ ಇದೆ. ಅದಕ್ಕೂ ವಯಸ್ಸು, ತೂಕದ ಮಿತಿ ಇದೆ. ಈ ಮರಿಗೆ ಸೋಮವಾರ ಡಾಕ್ಟರೇ ನಿರ್ಧರಿಸಲಿ. ಅಲ್ಲಿವರೆಗೆ ಬಾಚಣಿಗೆ ಸಾಕು.

ಮೂರು ಬೆಕ್ಕಿನ ಮನೆ · ಶುಕ್ರವಾರ, 3.10

ಸೀರಣಿಗೆ ಇದೆಯಾ ಮನೆಯಲ್ಲಿ? ಹೇನು ಬಾಚುವುದು. ಅದಕ್ಕಿಂತ ಒಳ್ಳೆಯ ಚಿಗಟದ ಬಾಚಣಿಗೆ ಯಾವ ಪೆಟ್ ಶಾಪಿನಲ್ಲೂ ಸಿಗಲ್ಲ.

ನಾಳೆ ಮಧ್ಯಾಹ್ನ ಬಿಸಿಲಿರುವಾಗ ಸ್ನಾನ ಮಾಡಿಸಿ. ಇವತ್ತು ಬೇಡ, ಇವತ್ತು ತಿಂದು ಮಲಗಲಿ. ನಾಲ್ಕು ವಾರಕ್ಕಿಂತ ಸಣ್ಣ ಮರಿಯಾಗಿದ್ದರೆ ಸ್ನಾನವೇ ಬೇಡ ಅನ್ನುತ್ತಿದ್ದೆ. ಮೊಣಕೈಗೆ ಹಿತವಾಗಿರುವಷ್ಟು ಬಿಸಿನೀರು. ಮಕ್ಕಳ ಶಾಂಪೂ. ಮೊದಲು ಕತ್ತಿನ ಸುತ್ತ ನೊರೆ ಮಾಡಿ, ಮಾಲೆ ಹಾಕಿದ ಹಾಗೆ. ಮೈ ಒದ್ದೆಯಾದ ತಕ್ಷಣ ಚಿಗಟ ಎಲ್ಲ ಮುಖದ ಕಡೆ ಓಡುತ್ತವೆ, ಆ ನೊರೆ ದಾಟಲು ಆಗಲ್ಲ. ಮುಖಕ್ಕೆ ನೀರು ಹಾಕಬೇಡಿ. ಐದು ನಿಮಿಷ ನೊರೆ ಬಿಟ್ಟು ಸೀರಣಿಗೆಯಲ್ಲಿ ಬಾಚಿ, ಬಂದಿದ್ದನ್ನು ಸೋಪಿನ ನೀರಿನ ಲೋಟಕ್ಕೆ ಅದ್ದಿ. ಸುಮ್ನೆ ನೀರಿಗೆ ಹಾಕಿದರೆ ಹಾರಿ ಹೋಗುತ್ತವೆ.

ಆಮೇಲೆ ಒಣಗಿಸುವುದೇ ದೊಡ್ಡ ಕೆಲಸ. ಎರಡು ಟವೆಲ್ ಬೇಕು. ಬಿಸಿನೀರು ತುಂಬಿದ ಬಾಟಲಿಗೆ ಹಳೇ ಕಾಲುಚೀಲ ಹಾಕಿ ರಟ್ಟಿನ ಡಬ್ಬದ ಒಂದು ಪಕ್ಕಕ್ಕಿಡಿ. ಸೆಕೆ ಆದರೆ ಇನ್ನೊಂದು ಪಕ್ಕಕ್ಕೆ ಹೋಗಲು ಜಾಗ ಇರಲಿ. ಕೈಗೆ ಗ್ಲೌಸ್ ಹಾಕಿ. ತೊಟ್ಟ ಬಟ್ಟೆ ಬೇರೆಯಾಗಿ ಒಗೆಯಿರಿ.

ಒಂಟಿಕೊಪ್ಪಲಜ್ಜಿ · ಶುಕ್ರವಾರ, 4.05

ಸೀರಣಿಗೆ ಅಂದೆಯಲ್ಲ, ಸಂತೋಷ ಆಯಿತು. ನನ್ನ ಮೊಮ್ಮಕ್ಕಳಿಗೆ ಆ ಪದವೇ ಗೊತ್ತಿಲ್ಲ. ಕರ್ಪೂರ ಬೇಡ ಅಂದರೆ ಬೇಡ. ಬರೀ ಹೊಂಗೆ ಎಣ್ಣೆ?

ಮೂರು ಬೆಕ್ಕಿನ ಮನೆ · ಶುಕ್ರವಾರ, 4.11

ಅದೂ ಬೇಡ ಅಜ್ಜಿ. ಎಣ್ಣೆ ಹಚ್ಚಿದರೆ ಮರಿ ಇನ್ನೂ ಜಾಸ್ತಿ ನೆಕ್ಕುತ್ತದೆ. ಧೂಳು ಹಿಡಿಯುತ್ತದೆ. ಸೋಮವಾರ ಡಾಕ್ಟರಿಗೆ ಚರ್ಮ ನೋಡಲೂ ಆಗಲ್ಲ.

ನಂಜುಮಳಿಗೆ ನಿವಾಸಿ · ಶನಿವಾರ, ಸಂಜೆ 6.30

ಸ್ನಾನ ಆಯಿತು. ಒಳಗೆ ಟಿವಿಯಲ್ಲಿ ಜಂಬೂಸವಾರಿ, ಹಿತ್ತಲಲ್ಲಿ ನಮ್ಮ ಸವಾರಿ. ಅಂಬಾರಿ ಅರಮನೆ ಬಿಟ್ಟು ಹೊರಡುವ ಹೊತ್ತಿಗೆ ನಾನು 40ನೇ ಚಿಗಟ ಹಿಡಿದಿದ್ದೆ. ಒಟ್ಟು 63. ಅಮ್ಮ ಲೆಕ್ಕ ಇಟ್ಟರು. ಸೀರಣಿಗೆ ಅವರದೇ, ಮರದ್ದು, ಅವರಮ್ಮ ಕೊಟ್ಟಿದ್ದಂತೆ. ಕೊಡುವಾಗ ಮುಖ ಸಪ್ಪಗಿತ್ತು.

ಪೌಚ್ ಎರಡು ಖಾಲಿ. ತಟ್ಟೆಯನ್ನೇ ಮುಂದೆ ತಳ್ಳಿಕೊಂಡು ನೆಕ್ಕುತ್ತದೆ.

ಒಂದು ಸಮಸ್ಯೆ. ಟವೆಲ್‌ನಲ್ಲಿ ಹಿಡಿಯುವಾಗ ಅಮ್ಮನ ಕೈ ಪರಚಿತು. ಸ್ವಲ್ಪ ರಕ್ತ ಬಂತು. ಅರಿಶಿನ ಹಚ್ಚಿಕೊಂಡು ಏನಾಗಲ್ಲ ಬಿಡು ಅನ್ನುತ್ತಿದ್ದಾರೆ. ಮರಿ ತಾನೆ, ರೇಬಿಸ್ ಎಲ್ಲ ನಾಯಿಯಿಂದ ಅಲ್ವಾ?

ಮೆಡಿಕಲ್ಸ್ ಹುಡುಗ, ಶ್ರೀರಂಗಪಟ್ಟಣ · ಶನಿವಾರ, 6.38

ಅಲ್ಲ ಅಕ್ಕ. ಬೆಕ್ಕಿನಿಂದಲೂ ಬರುತ್ತದೆ, ಮರಿ ಆದರೂ ಅಷ್ಟೇ. ಅರಿಶಿನ ತೊಳೆದು ಹಾಕಲಿ. ನಲ್ಲಿ ನೀರು ಬಿಟ್ಟು, ಸೋಪು ಹಾಕಿ ಪೂರ್ತಿ 15 ನಿಮಿಷ, ಗಡಿಯಾರ ನೋಡಿಕೊಂಡು. ಆಮೇಲೆ ಇವತ್ತೇ ಕೆ.ಆರ್. ಆಸ್ಪತ್ರೆಗೆ ಹೋಗಿ. ಹಬ್ಬ ಅಂತ ಕಾಯಬೇಡಿ, ತುರ್ತು ವಿಭಾಗ ಇದ್ದೇ ಇರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆಗೆ ದುಡ್ಡಿಲ್ಲ. ಮೊದಲ ದಿನ, 3ನೇ ದಿನ, 7ನೇ ದಿನ, 28ನೇ ದಿನ ಅಂತ ತೋಳಿಗೆ ಕೊಡುತ್ತಾರೆ. ರಕ್ತ ಬಂದಿದೆ ಅಂತ ತಪ್ಪದೆ ಹೇಳಿ. ರಕ್ತ ಬಂದಿದ್ದರೆ ಲಸಿಕೆ ಜೊತೆ ಗಾಯದ ಸುತ್ತ ಇನ್ನೊಂದು ಇಂಜೆಕ್ಷನ್ ಕೊಡಬೇಕಾಗುತ್ತದೆ.

ಮಂಡ್ಯ ಕಡೆಯವರು ಓದುತ್ತಿದ್ದರೆ, ಅಲ್ಲಿನ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲೂ ಕೊಡುತ್ತಾರೆ.

ಸುಮ್ನೆ ಓದುವವ · ಶನಿವಾರ, 6.50

ಹತ್ತು ದಿನ ಮರಿಯನ್ನು ನೋಡಿ, ಸತ್ತರೆ ಲಸಿಕೆ ತೆಗೆದುಕೊಂಡರೆ ಆಯಿತಲ್ಲ.

ಹಳೇ ಕಾಂಪೌಂಡರ್ · ಶನಿವಾರ, 7.02

ಅರ್ಧ ಕೇಳಿದ್ದೀರಿ ಸ್ವಾಮಿ. ಹತ್ತು ದಿನ ನೋಡುವುದು ನಿಜ. ಆದರೆ ಲಸಿಕೆ ಶುರು ಮಾಡಿ ನೋಡುವುದು. ಮರಿ ಗಟ್ಟಿಮುಟ್ಟಾಗಿದ್ದರೆ ಮುಂದಿನ ಇಂಜೆಕ್ಷನ್ ಬೇಕೋ ಬೇಡವೋ ಆಸ್ಪತ್ರೆಯವರು ಹೇಳುತ್ತಾರೆ. ರೇಬಿಸ್ ಲಕ್ಷಣ ಕಂಡ ಮೇಲೆ ಬದುಕಿಸಲು ಆಗುವುದೇ ಇಲ್ಲ ಅನ್ನಬಹುದು. ಇದರಲ್ಲಿ ಜೂಜು ಬೇಡ.

ನಂಜುಮಳಿಗೆ ನಿವಾಸಿ · ಭಾನುವಾರ, ಬೆಳಿಗ್ಗೆ 8.10

ರಾತ್ರಿಯೇ ಹೋಗಿ ಬಂದೆವು. ದಸರಾ ಜನ, ಆಟೋ ಸಿಗದೆ ಅರ್ಧ ದಾರಿ ನಡೆದೆವು. ಅಮ್ಮ ದಾರಿಯುದ್ದಕ್ಕೂ ಬೆಕ್ಕಿಗೆ ಬೈದರು, ವಾಪಸ್ ಬಂದು ಮೊದಲು ಬಾಟಲಿಯ ಬಿಸಿನೀರು ಬದಲಾಯಿಸಿದರು.

ಈಗ ಬೋಳಿಗೆ ಏನು ಮಾಡಲಿ? ದೊಡ್ಡದಾಗಿಲ್ಲ. ಆದರೆ ಮೂಗಿನ ಪಕ್ಕ ಹೊಸದೊಂದು ಚುಕ್ಕೆ ಕಾಣಿಸುತ್ತಿದೆ.

ಹಳೇ ಕಾಂಪೌಂಡರ್ · ಭಾನುವಾರ, 8.45

ಮರಿಗೆ ಏನೂ ಮಾಡಬೇಡಿ. ಮನೆಗೆ ಮಾಡಿ.

ಹುಳುಕಡ್ಡಿ ಬಂದ ಮರಿಯ ಒಂದೊಂದು ಉದುರಿದ ಕೂದಲಲ್ಲೂ ಬೀಜಕಣ ಇರುತ್ತದೆ. ಒಣ ಜಾಗದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ಒಂದು ವರ್ಷ ದಾಟಿ ಬದುಕಿರುತ್ತದೆ. ಬಚ್ಚಲಲ್ಲಿ ಇಟ್ಟಿದ್ದು ಒಳ್ಳೆಯದಾಯಿತು, ತೊಳೆಯುವ ನೆಲ. ಪೊರಕೆ ಹಾಕಬೇಡಿ, ಕೂದಲು ಹಾರಿ ಮನೆಯೆಲ್ಲ ಹರಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಮೊದಲು ಸೋಪು, ಆಮೇಲೆ ಬಟ್ಟೆಗೆ ಹಾಕುವ ದ್ರವ ಬ್ಲೀಚ್, ಒಂದು ಪಾಲಿಗೆ 32 ಪಾಲು ನೀರು. ಹತ್ತು ನಿಮಿಷ ಬಿಟ್ಟು ತೊಳೆದು, ಪೂರ್ತಿ ಒಣಗಿ ವಾಸನೆ ಹೋದ ಮೇಲೆ ಮರಿಯನ್ನು ಬಿಡಿ. ಬ್ಲೀಚ್ ನೆಲಕ್ಕೆ ಮಾತ್ರ, ಮರಿಗಲ್ಲ. ಫಿನಾಯಿಲ್ ಜೊತೆ, ಆಸಿಡ್ ಜೊತೆ ಬೆರೆಸಬೇಡಿ. ಹಾಸಿದ ಬಟ್ಟೆಯನ್ನು ದಿನಾ ಬದಲಾಯಿಸಿ. ರಟ್ಟಿನ ಡಬ್ಬ ವಾರಕ್ಕೊಂದು, ಹಳೆಯದನ್ನು ಸುಟ್ಟರೂ ಆಯಿತು.

ಗಾಯ ಇರುವ ಬಾಲದ ಬುಡವನ್ನು ಕಾಯಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ ಒರೆಸಿ, ಅಷ್ಟೇ.

ಮೆಡಿಕಲ್ಸ್ ಹುಡುಗ, ಶ್ರೀರಂಗಪಟ್ಟಣ · ಭಾನುವಾರ, 9.20

ನೋಟು ಪರೀಕ್ಷೆ ಮಾಡುವ ನೇರಳೆ ಟಾರ್ಚ್ ಇದ್ದರೆ ಕತ್ತಲಲ್ಲಿ ಹಿಡಿದು ನೋಡಿ ಅಕ್ಕ. ಹುಳುಕಡ್ಡಿ ಇದ್ದರೆ ಹಸಿರು ಹೊಳೆಯುತ್ತದಂತೆ.

ಹಳೇ ಕಾಂಪೌಂಡರ್ · ಭಾನುವಾರ, 9.41

ಡಾಕ್ಟರ್ ಹತ್ತಿರ ಅದಕ್ಕೆಂದೇ ದೀಪ ಇರುತ್ತದೆ. ಅಂಗಡಿ ಟಾರ್ಚನ್ನು ನಂಬಬೇಡಿ. ಹೊಟ್ಟು ಹೊಳೆಯುತ್ತದೆ, ಬಟ್ಟೆಯ ನೂಲು ಹೊಳೆಯುತ್ತದೆ, ಹಚ್ಚಿದ ಮುಲಾಮು ಹೊಳೆಯುತ್ತದೆ. ಕೂದಲಿನ ಬುಡವೇ ಎಳೆ ಹಸಿರಾಗಿ ಹೊಳೆದರೆ ಮಾತ್ರ ಲೆಕ್ಕ. ಹೊಳೆಯದಿದ್ದರೂ ಇಲ್ಲ ಅಂತ ಹೇಳಲು ಆಗಲ್ಲ.

ನಂಜುಮಳಿಗೆ ನಿವಾಸಿ · ಸೋಮವಾರ, ಮಧ್ಯಾಹ್ನ 1.30

ಡಾಕ್ಟರಿಗೆ ತೋರಿಸಿದೆ. ತೂಕ 560. ಅವರು ಕತ್ತಲೆ ಕೋಣೆಯಲ್ಲಿ ದೀಪ ಹಿಡಿದರು. ನೆತ್ತಿಯ ಕೂದಲ ಬುಡ ಹಸಿರು! ಎರಡು ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲೂ ನೋಡಿದರು. ಹುಳುಕಡ್ಡಿಯೇ. ಮೂಗಿನ ಪಕ್ಕದ್ದೂ ಅದೇ.

ಮೊದಲ ಪ್ರಶ್ನೆ, ಏನು ಹಚ್ಚಿದ್ದೀರಿ ಅಂತ. ಏನೂ ಇಲ್ಲ ಅಂದೆ. ಮತ್ತೊಮ್ಮೆ ಕೇಳಿದರು. ಹಬ್ಬದ ರಜೆ ಮುಗಿದ ಮೇಲೆ ಬರುವ ಮರಿಗಳಲ್ಲಿ ಅರ್ಧಕ್ಕೆ ಕಜ್ಜಿಗಿಂತ ಹಚ್ಚಿದ್ದನ್ನು ತೊಳೆಯುವುದೇ ಕೆಲಸ ಅಂದರು.

ಕ್ಲೋರ್‌ಹೆಕ್ಸಿಡಿನ್, ಮೈಕೊನಜೋಲ್ ಎರಡೂ ಇರುವ ಶಾಂಪೂ ಕೊಟ್ಟಿದ್ದಾರೆ. ವಾರಕ್ಕೆ ಎರಡು ಸಲ, ಪ್ರತಿ ಸಲ ಹತ್ತು ನಿಮಿಷ ಮೈಮೇಲೆ ಬಿಡಬೇಕು. ಬಾಯಿಗೆ ಒಂದು ದ್ರವ, ತೂಕಕ್ಕೆ ಲೆಕ್ಕ ಹಾಕಿ, ಒಂದು ವಾರ ಕೊಟ್ಟು ಒಂದು ವಾರ ಬಿಡುವುದು. ಮಲದಲ್ಲಿ ಅಕ್ಕಿಕಾಳಿನಂಥದ್ದು ಕಂಡರೆ ಹೇಳಿ ಅಂದರು. ಚಿಗಟ ನುಂಗಿದರೆ ಲಾಡಿಹುಳು ಬರುತ್ತದಂತೆ. ಚಿಗಟದ ಹನಿ ಇನ್ನೊಂದೆರಡು ವಾರ ಬಿಟ್ಟು, ತೂಕ ಏರಿದ ಮೇಲೆ.

ಇನ್ನೊಂದು ಮಾತು ಹೇಳಿದರು. ಆರೋಗ್ಯವಾಗಿರುವ ಬೆಕ್ಕಿನಲ್ಲಿ ಹುಳುಕಡ್ಡಿ ಔಷಧ ಇಲ್ಲದೆಯೂ ಎರಡು ಮೂರು ತಿಂಗಳಲ್ಲಿ ತಾನೇ ವಾಸಿಯಾಗುವುದುಂಟಂತೆ. ಅಲ್ಲಿವರೆಗೆ ಊರಿಗೆಲ್ಲ ಹಂಚುತ್ತದೆ, ಅದಕ್ಕೇ ಔಷಧ.

ಆಲೆಮನೆ ಅಣ್ಣ, ಮಂಡ್ಯ · ಸೋಮವಾರ, 2.15

ಒಳ್ಳೆಯದಾಯಿತು ತಂಗಿ. ಹಳ್ಳಿ ಕಡೆ ಡಾಕ್ಟರ್ ದೂರ ಇರುವವರು ಒಂದು ನೆನಪಿಟ್ಟುಕೊಳ್ಳಿ, 1962ಕ್ಕೆ ಫೋನ್ ಮಾಡಬಹುದು, ಪಶು ಚಿಕಿತ್ಸೆಯ ಗಾಡಿಯ ನಂಬರ್. ಹೆಚ್ಚಾಗಿ ದನಕರುವಿಗೇ ಬರುತ್ತಾರೆ. ಆದರೂ ಹತ್ತಿರದ ಪಶು ಆಸ್ಪತ್ರೆ ಯಾವಾಗ ತೆಗೆದಿರುತ್ತದೆ ಅಂತ ಕೇಳಲು ಏನೂ ಅಡ್ಡಿಯಿಲ್ಲ.

ನಂಜುಮಳಿಗೆ ನಿವಾಸಿ · ಹನ್ನೆರಡು ದಿನದ ನಂತರ

ಸುಮ್ನೆ ಓದುವವರೇ, ನೀವು ಗೆದ್ದಿರಿ. ನನ್ನ ಮುಂಗೈ ಮೇಲೆ ಕೆಂಪಗೆ ಉಂಗುರ ಬಂದಿದೆ. ಅಂಚು ಉಬ್ಬಿ ನಡುವೆ ತಿಳಿ. ತುರಿಕೆ. ಮೂಲೆಯ ಔಷಧ ಅಂಗಡಿಯಲ್ಲಿ ಒಂದು ಟ್ಯೂಬ್ ಕೊಟ್ಟರು, ಮೂರು ದಿನದಲ್ಲಿ ಹೋಗುತ್ತದೆ ಅಂತ. ಹಚ್ಚಿಕೊಳ್ಳಲಾ?

ಮೆಡಿಕಲ್ಸ್ ಹುಡುಗ, ಶ್ರೀರಂಗಪಟ್ಟಣ · ಅದೇ ದಿನ

ಅಕ್ಕ, ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಓದಿ. ಕ್ಲೋಬೆಟಸಾಲ್, ಬೀಟಾಮೆಥಸೋನ್ ಅಂತ ಏನಾದರೂ ಇದ್ದರೆ ಅದು ಸ್ಟಿರಾಯ್ಡ್ ಸೇರಿಸಿದ್ದು. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಕೆಂಪು ಹೋಗುತ್ತದೆ, ಫಂಗಸ್ ಒಳಗೊಳಗೇ ಹರಡುತ್ತದೆ. ಬಿಟ್ಟ ತಕ್ಷಣ ಮೊದಲಿಗಿಂತ ದೊಡ್ಡದಾಗಿ ಎದ್ದು ಬರುತ್ತದೆ. ನಮ್ಮ ಅಂಗಡಿಗೆ ಅಂಥವರು ದಿನಾ ಬರುತ್ತಾರೆ, ಅದೇ ಟ್ಯೂಬ್ ಮತ್ತೆ ಕೇಳಿಕೊಂಡು. ಚರ್ಮದ ಡಾಕ್ಟರಿಗೆ ತೋರಿಸಿ. ಬರೀ ಫಂಗಸ್ ಮುಲಾಮು ಬರೆದುಕೊಟ್ಟರೆ ಅವರು ಹೇಳಿದಷ್ಟು ವಾರ ಹಚ್ಚಿ, ಮಾಯಿತು ಅಂತ ನಡುವೆ ನಿಲ್ಲಿಸಬೇಡಿ.

ಮತ್ತೆ ಆ ಟ್ಯೂಬನ್ನು ಮರಿಗೂ ಹಚ್ಚಬೇಡಿ. ನೀವು ಹಚ್ಚಲ್ಲ, ಗೊತ್ತು. ಓದುವ ಬೇರೆಯವರಿಗೆ ಹೇಳಿದೆ.

ನಂಜುಮಳಿಗೆ ನಿವಾಸಿ · ಅದೇ ದಿನ

ಓದಿದೆ. ಕ್ಲೋಬೆಟಸಾಲ್ ಇದೆ. ಜೊತೆಗೆ ಇನ್ನೂ ಮೂರು ಹೆಸರು. ಕಸದ ಡಬ್ಬಿಗೆ ಹಾಕಿದೆ.

ಸುಮ್ನೆ ಓದುವವ · ಮಾರನೆಯ ದಿನ

ಗೆಲ್ಲಲು ಬರೆದಿದ್ದಲ್ಲ ಮೇಡಂ. ನಮ್ಮ ಮನೆಯಲ್ಲಿ ಮಗುವಿಗೆ ಹತ್ತಿ ನಾಲ್ಕು ತಿಂಗಳು ಒದ್ದಾಡಿದ್ದೆವು. ಅದಕ್ಕೇ ಹೇಳಿದ್ದು. ಮರಿ ಹೇಗಿದೆ?

ನಂಜುಮಳಿಗೆ ನಿವಾಸಿ · ಏಳು ವಾರದ ನಂತರ

ಮರಿ ಈಗ 1 ಕೆಜಿ 150 ಗ್ರಾಂ. ನೆತ್ತಿಯ ಮೇಲೆ ಕೂದಲು ಬಂದಿದೆ, ಪಟ್ಟೆ ಸೇರಿಕೊಂಡಿದೆ. ಮುಂಗಾಲಿನದು ಮಾತ್ರ ಇನ್ನೂ ಚಿಕ್ಕ ಕೂದಲು, ಮುಟ್ಟಿದರೆ ಮಕಮಲ್ ಹಾಗೆ. ಬ್ರಷ್‌ನಲ್ಲಿ ಕೂದಲು ತೆಗೆದು ಬೆಳೆಸಿ ನೋಡುವ ಪರೀಕ್ಷೆ ಒಂದು ಸಲ ಚೊಕ್ಕ ಬಂದಿದೆ. ಡಾಕ್ಟರ್ ಇನ್ನೊಂದು ಸಲ ಬರಲಿ ಅಂದಿದ್ದಾರೆ. ನನ್ನ ಕೈಯೂ ವಾಸಿ. ಅಮ್ಮ ಆಸ್ಪತ್ರೆಯವರು ಹೇಳಿದಷ್ಟೂ ಸೂಜಿ ಹಾಕಿಸಿಕೊಂಡರು.

ಇಲ್ಲ, ಅಮ್ಮನ ಮನಸ್ಸು ಕರಗಿಲ್ಲ. ಮರಿ ಇನ್ನೂ ಬಚ್ಚಲಲ್ಲೇ ಇದೆ. ಸಾಕುವವರು ಯಾರಾದರೂ ಇದ್ದರೆ ಹೇಳಿ.

ಮದ್ದೂರಿನ ಓದುಗಿ · ಅದೇ ದಿನ

ಮೊದಲಿನಿಂದ ಓದುತ್ತಿದ್ದೆ, ನನಗೆ ಕೊಡಿ. ಮನೆಯಲ್ಲಿ ಇನ್ನೊಂದು ಬೆಕ್ಕು ಇದೆ, ನಾಲ್ಕು ವರ್ಷದ್ದು. ಈ ಭಾನುವಾರ ಬರಲಾ?

ಹಳೇ ಕಾಂಪೌಂಡರ್ · ಅದೇ ದಿನ

ಎರಡನೇ ಪರೀಕ್ಷೆ ಬರುವವರೆಗೆ ಬೇಡಮ್ಮ. ಚರ್ಮ ನೋಡಲು ಚೆನ್ನಾಗಿದ್ದರೂ ಕೂದಲಲ್ಲಿ ಬೀಜಕಣ ಉಳಿದಿರಬಹುದು. ನಿಮ್ಮ ದೊಡ್ಡ ಬೆಕ್ಕಿಗೆ ಹತ್ತಿದರೆ ಈ ಕಥೆ ಮದ್ದೂರಿನಲ್ಲಿ ಮೊದಲಿನಿಂದ ಶುರು. ಬಂದ ಮೇಲೂ ಎರಡು ವಾರ ಬೇರೆ ಕೋಣೆಯಲ್ಲಿಡಿ. ಅಷ್ಟರಲ್ಲಿ ಇಬ್ಬರಿಗೂ ಲಸಿಕೆ ಹಾಕಿಸಿ.

ನಂಜುಮಳಿಗೆ ನಿವಾಸಿ · ಹದಿನೆಂಟು ದಿನದ ನಂತರ

ಎರಡನೆಯದೂ ಚೊಕ್ಕ! ಮದ್ದೂರಿನವರೇ, ಭಾನುವಾರ ನಾನೇ ತರುತ್ತೇನೆ. ಹಣ್ಣಿನ ಬುಟ್ಟಿಗೆ ಮುಚ್ಚಳ ಕಟ್ಟಿದ್ದೇನೆ. ರೈಲಿನಲ್ಲಿ ಬರಲಾ, ಬಸ್ಸಿನಲ್ಲಾ? ಯಾವುದರಲ್ಲಿ ಜನ ಕಡಿಮೆ?

ಆಮೇಲೆ, ಅಮ್ಮ ಸೀರಣಿಗೆ ಬುಟ್ಟಿಯಲ್ಲಿ ಹಾಕಿದ್ದಾರೆ. ಕುದಿಸಿ ಕುದಿಸಿ ಎರಡು ಹಲ್ಲು ಮುರಿದಿದೆ, ಇನ್ನು ತಲೆಗೆ ಬರಲ್ಲ, ಬೆಕ್ಕಿನ ಜೊತೆಗೇ ಹೋಗಲಿ ಅಂತೆ.

ಒಂಟಿಕೊಪ್ಪಲಜ್ಜಿ · ಅದೇ ದಿನ

ಭಾನುವಾರ ಬೆಳಗಿನ ರೈಲು ಖಾಲಿ ಇರುತ್ತದೆ ಕಂದಾ. ಕಿಟಕಿ ಪಕ್ಕ ಕೂರಬೇಡ, ಗಾಳಿ. ಮರಿಗೆ ಹೊರಡುವ ಮುಂಚೆ ಜಾಸ್ತಿ ತಿನ್ನಿಸಬೇಡ.